ದಸರಾ ರಜೆಗೆ ಅಪ್ಪ-ಅಮ್ಮನನ್ನು ಐರ್ಲೆಂಡ್‌ಗೆ ಕರೆದೊಯ್ದರೆ ಮಳೆಯಲ್ಲೇ ಕೂರಬೇಕಾಗುತ್ತದೆಯೇ?

ಸಿಂಧನೂರಿನಿಂದ ಕೇಳಿದ್ದೀರಿ: ಅಕ್ಟೋಬರಿನಲ್ಲಿ ಹತ್ತು ದಿನ, ಜೊತೆಗೆ ಅರವತ್ತು ದಾಟಿದ ಅಪ್ಪ-ಅಮ್ಮ, ಅಲ್ಲಿ ಬರೀ ಮಳೆಯಂತೆ, ಹೋಗಬಹುದಾ ಅಂತ. ನಾನು ರಾಯಚೂರಿನವನು. ತಂಗಿ ಡಬ್ಲಿನ್‌ನಲ್ಲಿದ್ದಾಳೆ, ಅವ್ವನನ್ನು ಕರೆದುಕೊಂಡು ಎರಡು ಸಲ ಇದೇ ತಿಂಗಳಲ್ಲಿ ಹೋಗಿಬಂದಿದ್ದೇನೆ. ಧಾರಾಳವಾಗಿ ಹೋಗಿ. ಆದರೆ ನಮ್ಮ ಕಡೆಯ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ಲಾನ್ ಮಾಡಬೇಡಿ.

ಡಬ್ಲಿನ್‌ನಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚುಕಮ್ಮಿ 750 ಮಿ.ಮೀ. ನಮ್ಮ ರಾಯಚೂರಿಗಿಂತ ತುಸು ಜಾಸ್ತಿ, ಅಷ್ಟೇ. ನಮ್ಮಲ್ಲಿ ಚಿತ್ತಿ ಮಳೆ ಹಿಡಿದರೆ ಎರಡು ತಾಸಿನಲ್ಲಿ ಹೊಲದ ಒಡ್ಡು ಒಡೆಯುತ್ತದೆ, ಆಮೇಲೆ ಹದಿನೈದು ದಿನ ಮೋಡದ ಸುಳಿವಿರುವುದಿಲ್ಲ. ಅಲ್ಲಿ ಅಷ್ಟೇ ನೀರು ವರ್ಷಪೂರ್ತಿ ಜಿಟಿಜಿಟಿ ಅಂತ ಉದುರುತ್ತದೆ. ಪೂರ್ವದ ಕಡೆ ವರ್ಷಕ್ಕೆ ಸುಮಾರು 150 ಮಳೆದಿನ, ಪಶ್ಚಿಮದಲ್ಲಿ 225ರ ಹತ್ತಿರ. ನೈಋತ್ಯದ ಗಾಳಿ ಅಟ್ಲಾಂಟಿಕ್‌ನಿಂದ ಹೊತ್ತು ತರುವ ತೇವ ಮೊದಲು ಕೆರ್ರಿ, ಗಾಲ್ವೇ ಕಡೆಯ ಗುಡ್ಡಗಳಿಗೇ ಬಡಿಯುತ್ತದೆ. ಡಬ್ಲಿನ್ ವಿಕ್ಲೋ ಬೆಟ್ಟಗಳ ಮರೆಯಲ್ಲಿದೆ. ತೊಡಕೇನೆಂದರೆ, ನೀವು ಫೋಟೋದಲ್ಲಿ ನೋಡಿ ಆಸೆಪಟ್ಟಿರುವುದೆಲ್ಲ ಬಹುಶಃ ಪಶ್ಚಿಮದಲ್ಲೇ ಇದೆ.

ಮೊದಲ ಸಲ ನಾನು ಲಗ್ನಪತ್ರಿಕೆ ಬರೆದ ಹಾಗೆ ದಿನಕ್ಕೊಂದು ಊರು ಅಂತ ಎಲ್ಲ ಬುಕ್ ಮಾಡಿಟ್ಟಿದ್ದೆ. ಪಶ್ಚಿಮದ ಕಡಲಂಚಿನಲ್ಲಿ ಕಡಿದಾಗಿ ನಿಂತ ಮೋಹರ್ ಬಂಡೆಗಳಿಗೆ ಹೋದ ದಿನ ಒಂದು ಹನಿ ಮಳೆ ಇಲ್ಲ. ಗಾಳಿ ಮಾತ್ರ ಎಂಥಾದ್ದಪ್ಪಾ! ಕೆಳಗೆ ಸಮುದ್ರ, ನಾವು 200 ಮೀಟರ್ ಎತ್ತರದಲ್ಲಿ. ಅವ್ವ ನನ್ನ ತೋಳು ಬಿಡದೆ "ನಡಿ, ವಾಪಸ್ ಹೋಗೂನು" ಅಂದಳು. ಮರುದಿನ ಅರಾನ್ ದ್ವೀಪಕ್ಕೆ ಹೋಗುವ ದೋಣಿ ರದ್ದು. ಮೂರನೇ ದಿನ ಡಬ್ಲಿನ್ ರೈಲು ಹತ್ತಿದರೆ ಕಿಟಕಿಯಾಚೆ ಬಂಗಾರದಂಥ ಬಿಸಿಲು. ಹೊಟ್ಟೆ ಉರಿಯಿತು.

ಎರಡನೇ ಸಲ ಬುದ್ಧಿ ಬಂದಿತ್ತು. ಡಬ್ಲಿನ್‌ನಿಂದ ರೈಲಿಗೆ ಎರಡೂವರೆ ತಾಸಿನ ದಾರಿ ಗಾಲ್ವೇ. ಅಲ್ಲೇ ಒಂದು ಮನೆ ಹಿಡಿದು ನಾಲ್ಕು ರಾತ್ರಿ ಇದ್ದೆವು. ದಿನಾ ಸಂಜೆ ಅಲ್ಲಿಯ ಹವಾಮಾನ ಇಲಾಖೆ ಮೆಟ್ ಏರನ್‌ನ ಮುನ್ಸೂಚನೆ ನೋಡಿ, ಗಾಳಿ ಕಡಿಮೆ ಇರುವ ದಿನವನ್ನು ಬಂಡೆಗಳಿಗೆ ಕೊಟ್ಟೆವು. ಮೊಬೈಲಿನಲ್ಲಿ ಮೋಡ-ಹನಿಯ ಚಿತ್ರ ದಿನಾ ಕಾಣುತ್ತದೆ, ಅದಕ್ಕೆ ಹೆದರಬೇಡಿ. ಗಾಳಿಯ ವೇಗ ನೋಡಿ. ಹಳದಿ ಎಚ್ಚರಿಕೆಯಿದ್ದರೆ ಸಮುದ್ರದಂಚು ಬಿಡಿ, ಕಿತ್ತಳೆಯಾದರೆ ಊರೊಳಗೇ ಇರಿ, ಕೆಂಪಾದರೆ ಬಾಗಿಲು ದಾಟಬೇಡಿ. 2017ರ ಅಕ್ಟೋಬರ್ 16ರಂದು ಒಫಿಲಿಯಾ ಬಿರುಗಾಳಿ ಬಂದಾಗ ದೇಶದ ಶಾಲೆಗಳನ್ನೆಲ್ಲ ಮುಚ್ಚಿದ್ದರು. 2023ರ ಅಕ್ಟೋಬರಿನಲ್ಲಿ ಬಾಬೆಟ್ ಬಂದಾಗ ಕಾರ್ಕ್ ಕಡೆಯ ಮಿಡಲ್ಟನ್ ಪಟ್ಟಣದ ಬೀದಿಗಳಲ್ಲಿ ನೀರು ನಿಂತಿತ್ತು. ನಿಮ್ಮ ಹತ್ತು ದಿನದಲ್ಲೇ ಹೀಗಾಗುತ್ತದೆ ಅಂತಲ್ಲ, ಎರಡು ದಿನ ಏನೂ ಬುಕ್ ಮಾಡದೆ ಖಾಲಿ ಬಿಡಿ ಅಂತ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಬೆಳಕು. ಅಕ್ಟೋಬರ್ ನಡುವಿನಲ್ಲಿ ಹೊತ್ತು ಮೂಡುವುದೇ ಹೆಚ್ಚುಕಮ್ಮಿ ಎಂಟಕ್ಕೆ, ಮುಳುಗುವುದು ಆರೂವರೆ ಸುಮಾರಿಗೆ. ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಅಲ್ಲಿಂದ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ಕೊನೆಯ ಸೋಮವಾರ ಸಾರ್ವತ್ರಿಕ ರಜೆ, ಆ ವಾರ ಶಾಲೆಗಳಿಗೂ ರಜೆ, ರೂಮು ತುಟ್ಟಿ. ಹಾಗಾಗಿ 20ರೊಳಗೆ ತಿರುಗಾಟ ಮುಗಿಸಿ. ಕೆರ್ರಿ ಕಡೆಯ ಕಿಲಾರ್ನಿಯ ಕಾಡಿನಲ್ಲಿ ಆಗ ಕೆಂಪು ಜಿಂಕೆಗಳ ಬೆದೆಗಾಲ, ಗಂಡು ಜಿಂಕೆಗಳ ಗುಟುರು ದೂರದಿಂದಲೇ ಕೇಳುತ್ತದೆ. ಅದಕ್ಕೆ ಜಿಟಿಜಿಟಿ ಮಳೆ ಅಡ್ಡಿಯಲ್ಲ.

ಛತ್ರಿ ಒಯ್ಯಬೇಡಿ, ನಮ್ಮದು ಮೊದಲ ದಿನವೇ ತಿರುವುಮುರುವಾಗಿ ಕಡ್ಡಿ ಮುರಿಯಿತು. ಟೊಪ್ಪಿಗೆ ಇರುವ, ನೀರು ಇಳಿಯದ ಜಾಕೆಟ್, ಒಳಗೆ ಉಣ್ಣೆಯ ಸ್ವೆಟರ್, ಜಾರದ ಬೂಟು ಇರಲಿ. ಜೀನ್ಸ್ ಒದ್ದೆಯಾದರೆ ಮರುದಿನವೂ ಒಣಗುವುದಿಲ್ಲ. ಥರ್ಮಾಮೀಟರ್ 8ರಿಂದ 14 ಡಿಗ್ರಿ ತೋರಿಸುತ್ತದೆ. ನಮ್ಮೂರ ಡಿಸೆಂಬರಿಗೇ ಮಫ್ಲರ್ ಸುತ್ತಿಕೊಳ್ಳುವ ಹಿರಿಯರಿಗೆ ಗಾಳಿಯಲ್ಲಿ ಅದು ಇನ್ನೂ ಕಡಿಮೆ ಅನಿಸುತ್ತದೆ.

ಹಾಂ, ತುಪ್ಪ-ಪೇಢೆ ಕಟ್ಟಬೇಡಿ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಕಡಕ್ ರೊಟ್ಟಿ ಒಯ್ಯಬಹುದು, ಡಬ್ಬಿ ಗಟ್ಟಿ ಮುಚ್ಚಿರಲಿ. ನಾವು ತೆರೆದಿಟ್ಟದ್ದು ಒಂದೇ ರಾತ್ರಿಗೆ ಮೆತ್ತಗಾಗಿ, ಬೆಳಿಗ್ಗೆ ಅವ್ವ ತಂಗಿಯ ಮನೆಯ ತವೆ ಮೇಲೆ ಒಂದೊಂದೇ ಮತ್ತೆ ಕಾಯಿಸಿದಳು.