ನಿಮ್ಮ ಹನ್ನೊಂದು ಪುಟದಲ್ಲಿ ನಂಗೆ ಬೇಕಾಗಿದ್ದು ಆರು ಸಾಲು

ನಮಸ್ಕಾರ. ‘ಅಭಿವೃದ್ಧಿಶೀಲ ರಾಷ್ಟ್ರಗಳು ಎದುರಿಸುತ್ತಿರುವ ಪರಿಸರ ಹಾಗೂ ಸಾಮಾಜಿಕ ಸವಾಲುಗಳು’ ಅಂತ ನೀವು ಕಳ್ಸಿದ್ದ ಲೇಖನ ಎರಡು ಸಲ ಓದ್ದೆ. ಮೊದಲ್ನೇ ಸಲ ಮೂರನೇ ಪುಟದ ಹೊತ್ತಿಗೆ ಎದ್ದು ಹೋಗಿ ಕಾಫಿ ಮಾಡ್ಕೊಂಡೆ, ಸುಳ್ಯಾಕೆ ಹೇಳ್ಲಿ. ಈ ರೂಪದಲ್ಲಿ ಇದನ್ನ ನಮ್ಮ ಪತ್ರಿಕೇಲಿ ಹಾಕೋಕಾಗಲ್ಲ. ಆದ್ರೆ ‘ವಿಷಾದಿಸುತ್ತೇವೆ’ ಅಂತ ಒಂದ್ ಲೈನ್ ಕಳ್ಸಿ ಕೈ ತೊಳ್ಕೊಳೋ ಮನಸ್ಸೂ ಆಗ್ಲಿಲ್ಲ, ಯಾಕಂದ್ರೆ ಒಂಬತ್ತನೇ ಪುಟದಲ್ಲಿ ನೀವು ಏನೋ ಮರೆತು ಬರೆದ ಹಾಗೆ ಆರು ಸಾಲು ಬರ್ದಿದೀರ, ಅದು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅದರ ಬಗ್ಗೆ ಆಮೇಲೆ ಬರ್ತೀನಿ. ಮೊದ್ಲು ಬೈಗುಳ.

‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರು. ಈ ನಾಲ್ಕು ತಿಂಗಳಲ್ಲಿ ನಂಗೆ ಬಂದಿರೋ ಲೇಖನಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗಿರೋದು. ಆಮೇಲೆ ಜನಸಂಖ್ಯಾ ಸ್ಫೋಟ, ಅನಕ್ಷರತೆ, ಬಡತನ, ನಗರೀಕರಣ, ಒಂದೊಂದಕ್ಕೆ ಒಂದೊಂದು ಸಬ್‌ಹೆಡ್ಡಿಂಗು, ಕಡೇಲಿ ‘ನಾವೆಲ್ಲರೂ ಕೈಜೋಡಿಸಬೇಕು’. ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಿದೀರ ಅಂತ ಪತ್ರದಲ್ಲಿ ಬರ್ದಿದ್ರಿ, ಆ ಗೈಡ್ ವಾಸನೆ ಇಡೀ ಲೇಖನಕ್ಕೆ ಹತ್ಕೊಂಡಿದೆ ಕಣ್ರೀ. ಪರೀಕ್ಷೇಲಿ ಪೇಪರ್ ತಿದ್ದೋನು ದುಡ್ಡಿಗೆ ಓದ್ತಾನೆ, ಓದ್ಲೇಬೇಕು. ನಮ್ಮ ಓದುಗನಿಗೆ ಯಾವ ಕರ್ಮ?

ಬರೀ ಬೋರ್ ಆಗಿದ್ರೆ ನಾನೇ ಕತ್ತರಿ ಆಡಿಸಿ ಸರಿ ಮಾಡ್ತಿದ್ದೆ, ಆದ್ರೆ ತಪ್ಪೂ ಇದೆ. ‘ಮಿತಿಮೀರಿದ ಜನನ ಪ್ರಮಾಣವೇ ಎಲ್ಲದಕ್ಕೂ ಮೂಲ’ ಅಂದ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗ್ದು ನೋಡಿ, ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಅನ್ನೋ ಲೆಕ್ಕ ಇಂಡಿಯಾಗೆ 2.0, ಕರ್ನಾಟಕಕ್ಕೆ 1.7. ಜನಸಂಖ್ಯೆ ಇದ್ದಷ್ಟೇ ಇರ್ಬೇಕು ಅಂದ್ರೂ 2.1 ಬೇಕು. ಅಂದ್ರೆ ನಿಮ್ಮ ‘ಸ್ಫೋಟ’ ನಿಮ್ಮಪ್ಪನ ಕಾಲದ ಪಠ್ಯಪುಸ್ತಕದ್ದು. ಇನ್ನೊಂದ್ ಕಡೆ ‘ಬಾಂಗ್ಲಾದೇಶದಂತಹ ಬಡ ರಾಷ್ಟ್ರಗಳು ಪ್ರಕೃತಿ ವಿಕೋಪದ ಎದುರು ಅಸಹಾಯಕ’ ಅಂತ ಬರ್ದಿದೀರ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕಮ್ಮಿ ಅಂದ್ರೂ 3 ಲಕ್ಷ ಜನ ಸತ್ರು, ನಿಜ. 1991ರಲ್ಲಿ ಸುಮಾರು 1.38 ಲಕ್ಷ. 2020ರಲ್ಲಿ ಆಂಫಾನ್ ಬಂದಾಗ? ಅಲ್ಲಿ ಸತ್ತೋರು ಇಪ್ಪತ್ತು ಮೂವತ್ತು ಮಂದಿ, ಅಷ್ಟೇ. ನಡುವೆ ಅವ್ರು ಶೆಲ್ಟರ್ ಕಟ್ಟಿದ್ರು, ಊರೂರಲ್ಲಿ ವಾಲಂಟಿಯರ್‌ಗಳನ್ನ ತಯಾರ್ ಮಾಡಿದ್ರು, ಬಾವುಟ ಹಾರಿಸಿ ಮೈಕ್ ಹಿಡ್ಕೊಂಡು ಗಲ್ಲಿಗಲ್ಲಿ ಕೂಗಿ ಜನರನ್ನ ಎಬ್ಬಿಸಿ ಹೊರಡಿಸಿದ್ರು. ದೇಶ ಬಡವಾಗೇ ಇತ್ತು, ಜನ ಅಸಹಾಯಕರಾಗಿರ್ಲಿಲ್ಲ. ಒಂದು ದೇಶದ ಐವತ್ತು ವರ್ಷದ ಬೆವರನ್ನ ನೀವು ಒಂದು ವಿಶೇಷಣದಲ್ಲಿ ಒರೆಸಿ ಹಾಕ್ಬಿಟ್ರಿ.

ಇನ್ನು ‘ನೈಜೀರಿಯಾ, ಹೈಟಿ, ಬಾಂಗ್ಲಾದೇಶ, ಭಾರತ ಮುಂತಾದ’ ಅಂತ ಒಂದೇ ದಾರಕ್ಕೆ ಪೋಣಿಸಿರೋದು. ಆ ‘ಮುಂತಾದ’ ಅನ್ನೋ ಪದ ಕಂಡ್ರೆ ನಂಗೆ ಮೈ ಉರಿಯುತ್ತೆ.

ಸರಿ, ಈಗ ಒಂಬತ್ತನೇ ಪುಟ. ಸಾರಾಂಶ ನಾನೇ ಹೇಳ್ತೀನಿ, ನಿಮಗೇ ನೆನಪಿರಲ್ಲ ಅನ್ಸುತ್ತೆ. ಕೋಲಾರದ ಹತ್ರ ನಿಮ್ಮೂರು. ಬೆಳಗ್ಗೆ ಐದೂವರೆಗೆ ಅಮ್ಮ 20 ಲೀಟರ್ ಕ್ಯಾನ್ ಹಿಡ್ಕೊಂಡು ಶುದ್ಧ ನೀರಿನ ಘಟಕದ ಮುಂದೆ ನಿಂತ್ಕೋತಾರೆ, ಐದು ರೂಪಾಯಿ ಕಾಯಿನ್ ಇಲ್ಲದ ದಿನ ಅಂಗಡಿಯೋನ ಹತ್ರ ಚಿಲ್ರೆಗೆ ಬೇಡ್ಕೋಬೇಕು. ಮನೆ ಪಕ್ಕದ ಬೋರು 1,300 ಅಡಿ. ತಂಗಿಯ ಸ್ಕೂಲ್ ಗ್ರೂಪ್ ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಕೊಂಡು ನಕ್ತಿದಾರೆ, ಅವಳು ಮಾತ್ರ ಬಾಯಿ ಮುಚ್ಕೊಂಡಿದಾಳೆ. ಅಷ್ಟೇ. ಆಮೇಲೆ ತಕ್ಷಣ ‘ಹೀಗೆ ಫ್ಲೋರೈಡ್ ಸಮಸ್ಯೆಯು ಅಭಿವೃದ್ಧಿಶೀಲ ರಾಷ್ಟ್ರಗಳನ್ನು ಕಾಡುತ್ತಿದೆ’ ಅಂತ ಮತ್ತೆ ಗೈಡಿಗೆ ಓಡಿ ಹೋಗಿದೀರ. ಯಾಕ್ ಓಡಿದ್ರಿ? ತಂಗಿ ವಿಷಯ ಬರೆಯೋಕೆ ಸಂಕೋಚ ಆಯ್ತಾ? ಇಲ್ಲ ಮನೆ ಮಾತು ಸಣ್ಣದು, ‘ರಾಷ್ಟ್ರ’ ಅಂದ್ರೆ ದೊಡ್ಡದು ಅನ್ನಿಸ್ತಾ?

ನೋಡಿ, ಆ ಫೋಟೋದಲ್ಲಿ ಏನಿದೆ ಅಂತ ನಿಮಗೇ ಪೂರ್ತಿ ಗೊತ್ತಿಲ್ಲ ಅನ್ಸುತ್ತೆ. ಫ್ಲೋರೈಡ್ ಜಾಸ್ತಿ ಇರೋ ನೀರು ಕುಡಿದ್ರೆ ಹಲ್ಲಿನ ಮೇಲೆ ಕಂದು ಗೆರೆ ಬರುತ್ತೆ, ಆದ್ರೆ ಅದು ದೊಡ್ಡೋರಾದ್ಮೇಲೆ ಕುಡಿದ ನೀರಿಂದಲ್ಲ. ಶಾಶ್ವತ ಹಲ್ಲು ಒಸಡೊಳಗೆ ತಯಾರಾಗ್ತಾ ಇರುತ್ತಲ್ಲ, ಹುಟ್ಟಿದಾಗಿಂದ ಸುಮಾರು ಎಂಟು ವರ್ಷದ ತನಕ, ಆವಾಗ ಕುಡಿದ ನೀರು ಅಲ್ಲಿ ಬರ್ಕೊಂಡ್ ಬಿಡುತ್ತೆ, ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ. ಕುಡಿಯೋ ನೀರಲ್ಲಿ ಫ್ಲೋರೈಡ್ ಒಂದು ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರ್ದು ಅಂತ ಮಿತಿ. ನಿಮ್ಮ ಕಡೆ ನೆಲದಡಿ ಗ್ರಾನೈಟ್ ಬಂಡೆ, ಅದರ ಬಿರುಕಲ್ಲಿ ಎಷ್ಟೋ ಕಾಲದಿಂದ ನಿಂತಿರೋ ನೀರಿಗೆ ಕಲ್ಲಿಂದ ಫ್ಲೋರೈಡ್ ಇಳಿದಿರುತ್ತೆ. ತೆರೆದ ಬಾವಿಯಲ್ಲಿದ್ದಿದ್ದು ಮೊನ್ನೆ ಮೊನ್ನೆ ಮಳೆಯ ನೀರು, 1,300 ಅಡೀಲಿರೋದು ಆ ಹಳೇ ನೀರು. ಅಂದ್ರೆ ನಿಮ್ಮೂರಲ್ಲಿ ಬಾವಿ ಬತ್ತಿ ಆಳದ ಬೋರು ಬಂದ ವರ್ಷ ಯಾವ್ದು ಅಂತ ಗೊತ್ತಾಗ್ಬೇಕಿದ್ರೆ ಪಂಚಾಯ್ತಿ ದಾಖಲೆ ಹುಡುಕೋದಕ್ಕಿಂತ ಮೊದ್ಲು ಹಲ್ಲು ನೋಡಿ. ಅಮ್ಮಂದು ಬೇಡ, ಅವ್ರು ಬೇರೆ ಊರಲ್ಲಿ ಹುಟ್ಟಿ ಬೆಳೆದಿರ್ತಾರೆ, ತವರಿನ ನೀರು ಬೇರೆ. ಅಜ್ಜಿದು ಎಲೆಅಡಿಕೆ ಹಾಕಿ ಹಾಕಿ ಗೊತ್ತಾಗಲ್ಲ. ಅಪ್ಪಂದು ನೋಡಿ, ಚಿಕ್ಕಪ್ಪಂದು ನೋಡಿ, ಅತ್ತೆಯೋರ್ದು ನೋಡಿ, ಎಲ್ಲಿಂದ ಗೆರೆ ಶುರುವಾಗಿದೆ? ಇದನ್ನ ಬರೀರಿ ಮಾರಾಯ್ರೇ. ಇದು ಬೇರೆ ಯಾರೂ ಬರೆಯೋಕಾಗಲ್ಲ.

ಬೋರ್‌ವೆಲ್ ಕತೆಯೂ ನಿಮ್ಮ ಮನೇಲೇ ಇದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನೀರಿನ ಪಾಯಿಂಟ್ ನೋಡಿದ್ಯಾರು, ತಮಿಳುನಾಡಿನ ತಿರುಚೆಂಗೋಡಿಂದ ಬಂದ ರಿಗ್ ಲಾರಿ ರಾತ್ರಿಯೆಲ್ಲಾ ಗುರ್ ಅಂತ ಕೊರೀತಾ ಇದ್ದಾಗ ಮನೆಯೋರು ನಿದ್ದೆ ಮಾಡಿದ್ರಾ, ಒಂದಡಿ ಕೊರೆಯೋಕೆ ಎಷ್ಟು, ಕೇಸಿಂಗ್‌ಗೆ ಎಷ್ಟು, ಯಾವ ಒಡವೆ ಅಡ ಇಟ್ರು, ಎಷ್ಟಿಂಚು ನೀರು ಬಿತ್ತು, ಅದಕ್ಕೂ ಮುಂಚೆ ಎಷ್ಟು ಬೋರು ಫೇಲ್ ಆಗಿದ್ವು. ಧೂಳು ಬಿಟ್ರೆ ಇನ್ನೇನೂ ಬರದೇ ಹೋದ ರಾತ್ರಿಗಳೂ ಇರ್ತಾವಲ್ಲ. ‘ಸಾಮಾಜಿಕ ಸವಾಲು’ ಅಂತ ನೀವು ಹೆಡ್ಡಿಂಗ್ ಕೊಟ್ರಲ್ಲ, ಅದ್ರೊಳಗೆ ಇರಬೇಕಾಗಿದ್ದು ಇದೇ. ಇನ್ನೊಂದು ಕೇಳಿ ನೋಡಿ, ಆ ಕಾಯಿನ್ ಮೆಷಿನ್ ಯಾರು ಬಂದ್ರೂ ನೀರು ಕೊಡುತ್ತೆ, ಹಳೇ ಬಾವಿ ಹಾಗೆ ಕೊಡ್ತಿತ್ತಾ? ಈ ಪ್ರಶ್ನೆ ಊರಲ್ಲಿ ಕೇಳೋಕೆ ಸ್ವಲ್ಪ ಧೈರ್ಯ ಬೇಕು. ಮತ್ತೆ ಆ ಶುದ್ಧ ನೀರಿನ ಘಟಕದ, ಅಂದ್ರೆ ಆರ್‌ಓ ಪ್ಲಾಂಟಿನ ಹಿಂದುಗಡೆ ಹೋಗಿ ನೋಡಿದೀರಾ? ಒಳಗೆ ಹೋದ ನೀರೆಲ್ಲಾ ಕ್ಯಾನಿಗೆ ಬರಲ್ಲ, ಫ್ಲೋರೈಡು ಉಪ್ಪು ಎಲ್ಲಾ ಗಟ್ಟಿಯಾಗಿರೋ ರಿಜೆಕ್ಟ್ ನೀರು ಹಿಂದಿನ ಪೈಪಲ್ಲಿ ಹೊರಗೆ ಹೋಗ್ತಿರುತ್ತೆ. ಎಲ್ಲಿಗೆ ಹೋಗುತ್ತೆ ಅಂತ ಅದರ ಹಿಂದೇನೇ ನಡ್ಕೊಂಡು ಹೋಗಿ.

ಈಗ ನೀವು ಕೇಳ್ತೀರಿ, ಹಾಗಾದ್ರೆ ಬೇರೆ ದೇಶದ ವಿಷ್ಯ ಬರೀಲೇಬಾರ್ದಾ ಅಂತ. ಬರೀರಿ, ಆದ್ರೆ ಪಟ್ಟಿ ಮಾಡ್ಬೇಡಿ, ಒಂದನ್ನ ಗಟ್ಟಿಯಾಗಿ ಹಿಡೀರಿ. ನಿಮ್ಮ ಲೇಖನಕ್ಕೆ ಹೇಳಿ ಮಾಡಿಸಿದಂಥದ್ದು ಬಾಂಗ್ಲಾದೇಶದ್ದೇ ಇದೆ, ಆದ್ರೆ ಚಂಡಮಾರುತ ಅಲ್ಲ, ಟ್ಯೂಬ್‌ವೆಲ್. ಅಲ್ಲಿ ಜನ ಕೆರೆಕುಂಟೆ ನೀರು ಕುಡಿದು ಮಕ್ಕಳು ವಾಂತಿಭೇದಿಯಲ್ಲಿ ಸಾಯ್ತಿದ್ವು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ ಸೇರ್ಕೊಂಡು ಊರೂರಿಗೆ ಟ್ಯೂಬ್‌ವೆಲ್ ಹಾಕಿಸಿದ್ರು, ಜನ ತಾವೂ ದುಡ್ಡು ಹಾಕಿ ಇನ್ನೂ ಲಕ್ಷಗಟ್ಟಲೆ ಹಾಕಿಸ್ಕೊಂಡ್ರು. ಒಳ್ಳೇ ಮನಸ್ಸಿಂದ ಮಾಡಿದ ಕೆಲ್ಸ. 1993ರಲ್ಲಿ ಆ ನೀರಲ್ಲಿ ಆರ್ಸೆನಿಕ್ ಇರೋದು ಗೊತ್ತಾಯ್ತು. ಅಂಗೈ ಅಂಗಾಲು ಗಂಟುಗಟ್ಟಿದಂಗೆ ಆಗೋದು, ಮೈಮೇಲೆ ಕಪ್ಪು ಮಚ್ಚೆ, ಮುಂದೆ ಕ್ಯಾನ್ಸರ್. ಅಪಾಯದಲ್ಲಿರೋರು 3.5 ಕೋಟಿಯಿಂದ 7.7 ಕೋಟಿ ಜನ ಅಂತ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೇಲಿ ಅಂದಾಜು ಬಂತು. ಆಮೇಲೆ ಸುಮಾರು 50 ಲಕ್ಷ ಟ್ಯೂಬ್‌ವೆಲ್ ಟೆಸ್ಟ್ ಮಾಡಿ ವಿಷ ಇರೋದಕ್ಕೆ ಕೆಂಪು ಬಣ್ಣ, ಇಲ್ದೇ ಇರೋದಕ್ಕೆ ಹಸಿರು ಬಣ್ಣ ಬಳಿದ್ರು. ಒಬ್ಬರ ಮನೆ ಬೋರು ಕೆಂಪು, ನಾಲ್ಕು ಹೆಜ್ಜೆ ಆಚೆ ಪಕ್ಕದ ಮನೆಯೋರ್ದು ಹಸಿರು, ಹಾಗೂ ಇರುತ್ತೆ. ಆವಾಗ ಬಿಂದಿಗೆ ಹಿಡ್ಕೊಂಡು ಅವರ ಅಂಗಳಕ್ಕೆ ಹೋಗ್ಬೇಕಾಗಿದ್ದು ಯಾರು? ಮನೆ ಹೆಣ್ಮಕ್ಕಳು. ಮೈಮೇಲೆ ಮಚ್ಚೆ ಬಂದ ಹುಡ್ಗೀರಿಗೆ ಮದ್ವೆ ಆಗೋದೂ ಕಷ್ಟ ಆಯ್ತು, ಅಂಟುರೋಗ ಅಂದ್ಕೊಂಡು. ನಿಮ್ಮ ತಂಗಿ ಬಾಯಿ ಮುಚ್ಕೊಂಡಿರೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತೀರಾ?

ಆದ್ರೆ ಇಲ್ಲೇ ಒಂದು ತಿರುವು ಇದೆ. ಅಲ್ಲಿ ಆರ್ಸೆನಿಕ್ ಇರೋದು ನದಿ ತಂದು ಹಾಕಿದ ಮಣ್ಣಿನ ಮೇಲಿನ ಪದರದಲ್ಲಿ, ಇನ್ನೂ ಆಳಕ್ಕೆ, ಐನೂರು ಅಡಿ ಕೆಳಗೆ ಹೋದ್ರೆ ಹೆಚ್ಚಿನ ಕಡೆ ನೀರು ಚೆನ್ನಾಗಿದೆ. ಹಂಗಾಗಿ ಅಲ್ಲಿ ಪರಿಹಾರ ಏನು ಅಂದ್ರೆ ಆಳಕ್ಕೆ ಕೊರೀರಿ ಅಂತ. ನಿಮ್ಮೂರಲ್ಲಿ ಆಳಕ್ಕೆ ಕೊರೆದಿದ್ದೇ ರೋಗ. ಎರಡೂ ‘ಅಭಿವೃದ್ಧಿಶೀಲ ರಾಷ್ಟ್ರ’, ಎರಡೂ ಬೋರ್‌ವೆಲ್ಲು, ಒಬ್ಬರ ಔಷಧಿ ಇನ್ನೊಬ್ಬರಿಗೆ ವಿಷ. ನಿಮ್ಮ ಕೊನೇ ಪುಟದಲ್ಲಿ ‘ಈ ರಾಷ್ಟ್ರಗಳಿಗೆ ಅಗತ್ಯವಿರುವ ಸಮಗ್ರ ಪರಿಹಾರಗಳು’ ಅಂತ ಎಂಟು ಪಾಯಿಂಟ್ ಹಾಕಿದೀರಲ್ಲ, ಅದನ್ನ ಯಾಕೆ ಹೊಡೆದು ಹಾಕಿದೆ ಅಂತ ಈಗ ಗೊತ್ತಾಯ್ತಾ.

ನೆಲದ ನೀರೆಲ್ಲಾ ಹೀರುತ್ತೆ ಅಂತ ಜನ ಬೈಯೋ ನೀಲಗಿರಿ ಮರದ ವಿಷ್ಯ ನೀವು ಎತ್ತೇ ಇಲ್ಲ, ಕೋಲಾರದೋರಾಗಿ! ನಿಮಗೆ ವಿಶ್ವಬ್ಯಾಂಕ್ ಬೇಕಿತ್ತು ತಾನೇ, ನಾಲ್ಕನೇ ಪುಟದಲ್ಲಿ ಸುಮ್ನೆ ಹೆಸರು ಹಾಕಿದೀರ. 1980ರ ದಶಕದಲ್ಲಿ ಅದರ ಸಾಲ ತಂದು ನಡೆಸಿದ ಸಾಮಾಜಿಕ ಅರಣ್ಯ ಯೋಜನೇಲೇ ನಿಮ್ಮ ಕಡೆ ನೀಲಗಿರಿ ಹಬ್ಬಿದ್ದು. 1983ರಲ್ಲಿ ತುಮಕೂರು ಜಿಲ್ಲೇಲಿ ರೈತರು ನರ್ಸರಿಗೇ ನುಗ್ಗಿ ಸಸಿ ಕಿತ್ತು ಹುಣಸೆ ಮಾವು ಬೀಜ ಹಾಕಿದ್ರು, ಸರ್ಕಾರ ಹೊಸ ನೀಲಗಿರಿ ನೆಡೋದು ಬೇಡ ಅಂದಿದ್ದು 2017ರಲ್ಲಿ. ನೀರುಗಂಟಿ ಮನೆತನದ ಮುದುಕರು ಯಾರಾದ್ರೂ ಊರಲ್ಲಿ ಇದ್ರೆ ಅವ್ರ ಹತ್ರ ಕೂತ್ಕೊಳಿ. ಕೆರೆ ತೂಬು ಯಾವಾಗ ಎತ್ಬೇಕು, ಯಾವ ಗದ್ದೆಗೆ ಎಷ್ಟು ನೀರು ಅನ್ನೋ ಲೆಕ್ಕ ಅವ್ರ ತಲೇಲಿ ಇರ್ತಿತ್ತು. ಇನ್ನು ಐದಾರು ವರ್ಷಕ್ಕೆ ಕೇಳೋಣ ಅಂದ್ರೆ ಅವ್ರು ಇರಲ್ಲ.

ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ನಿಮ್ಮ ಕಡೆ ಬಿಡೋ ನೀರಿನ ಬಗ್ಗೆ ನೀವು ಬರೆದ ಎರಡು ಸಾಲು ಬರೀ ಸಿಟ್ಟು, ಅದೂ ಸಾಲ್ದು. ನಾನಿರೋದು ಕೋರಮಂಗಲದ ಕಡೆ. ಕಾವೇರಿ ನೀರನ್ನ ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ನಮ್ಮ ನಲ್ಲಿಗೆ ಬಿಡ್ತಾರೆ, ನಾನು ಬಟ್ಟೆ ಒಗೀತೀನಿ, ಆ ನೀರು ಎರಡು ಹಂತ ಶುದ್ಧ ಆಗಿ, ಮೂರನೇ ಹಂತ ಇಲ್ದೇನೆ, 2018ರಿಂದ ನಿಮ್ಮ ಕೆರೆಗಳಿಗೆ ಬರ್ತಿದೆ, ಯೋಜನೆ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್. ಆ ವರ್ಷ ಜುಲೈನಲ್ಲೇ ಲಕ್ಷ್ಮೀಸಾಗರ ಕೆರೇಲಿ ನೊರೆ ಎದ್ದು ಹೈಕೋರ್ಟು ಸ್ವಲ್ಪ ಕಾಲ ನಿಲ್ಲಿಸಿತ್ತು. ಆಮೇಲೆ ನಿಮ್ಮ ಕಡೆಯಿಂದ ಟೊಮೇಟೊ ನಮ್ಮ ಮಾರ್ಕೆಟ್ಟಿಗೆ ಬರುತ್ತೆ, ನಾನು ಸಾರು ಮಾಡ್ತೀನಿ. ಅಂದ್ರೆ ನನ್ನ ಬಚ್ಚಲು ನಿಮ್ಮ ಕತೆಯಲ್ಲಿ ಒಂದು ಪಾತ್ರ, ನಂಗೆ ಬೈದ್ರೂ ಪರ್ವಾಗಿಲ್ಲ. ಆದ್ರೆ ಎಷ್ಟೋ ವರ್ಷದ ಮೇಲೆ ಕೆರೆ ಕೋಡಿ ಬಿದ್ದಿದ್ದು ನೋಡಿ ಖುಷಿಪಟ್ಟ ರೈತನೂ ಇದಾನಲ್ಲ, ಬತ್ತಿದ್ದ ಬೋರಲ್ಲಿ ಮತ್ತೆ ನೀರು ಬಂದೋನು, ಅವನನ್ನ ಯಾಕೆ ಬಿಟ್ರಿ? ಅವನಿಗೆ ಆ ನೀರು ಬೇಕು, ಆದ್ರೆ ಅದನ್ನ ಕುಡಿಯೋಕೆ ಭಯ, ಎರಡೂ ಇರುತ್ತೆ. ಎತ್ತಿನಹೊಳೆ ನೀರು ಬರುತ್ತೆ ಅಂತ 2014ರಲ್ಲಿ ಆ ಯೋಜನೆಗೆ ಅಡಿಗಲ್ಲು ಹಾಕಿದಾಗಿಂದ ಕಾಯ್ತಾ ಕೂತೋನು ಮನೆ ಬಾಗಿಲಿಗೆ ಬಂದ ನೀರನ್ನ ಬೇಡ ಅಂತಾನಾ.

ಸರಿ, ಕೆಲಸದ ಮಾತು. ಹನ್ನೊಂದು ಪುಟ ಬೇಡ, ನಾಲ್ಕು ಸಾಕು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸ್ಬೇಡಿ, ಯೂನಿಕೋಡ್‌ನಲ್ಲಿ ಕಳ್ಸಿ, ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿ ಬಂದಿತ್ತು. ‘ಬೆಳಿಗ್ಗೆ ಐದೂವರೆ’ಯಿಂದಲೇ ಶುರು ಮಾಡಿ, ಮುನ್ನುಡಿ ಗಿನ್ನುಡಿ ಬೇಡ. ಯುಗಾದಿಯೊಳಗೆ ಕಳಿಸಿದ್ರೆ ಮುಂದಿನ ಸಂಚಿಕೆಗೆ ನೋಡ್ತೀನಿ, ಹಾಕೇ ಹಾಕ್ತೀನಿ ಅಂತ ಮಾತ್ರ ಹೇಳಲ್ಲ. ತಂಗಿ ಫೋಟೋ ಕಳಿಸ್ಬೇಡಿ, ಅದನ್ನ ಪ್ರಿಂಟ್ ಮಾಡಲ್ಲ. ಬರೆಯೋಕೆ ಮುಂಚೆ ಅವಳನ್ನ ಒಂದ್ ಮಾತು ಕೇಳಿ, ಬೇಡ ಅಂದ್ರೆ ಆ ಸಾಲು ತೆಗೆದೇ ಬರೀರಿ. ಅಪ್ಪನ ಹಲ್ಲು ಏನಾಯ್ತು ಅಂತ ಮಾತ್ರ ಲೇಖನಕ್ಕೆ ಕಾಯ್ದೇ ಒಂದು ಮೆಸೇಜ್ ಹಾಕಿ, ನಂಗೆ ತಿಳ್ಕೋಬೇಕು.