ಓದುಗರ ಪ್ರಶ್ನೆ: ವಿಕ್ರಂ ಗೌಡ, ಕಾಡು ಮತ್ತು ಅಕ್ಕಿಯ ಲೆಕ್ಕ

ಪ್ರಶ್ನೆ: ಹೆಬ್ರಿ ಹತ್ತಿರ ಗುಂಡಿಗೆ ಬಲಿಯಾದ ವಿಕ್ರಂ ಗೌಡನನ್ನು ಪತ್ರಿಕೆಗಳೆಲ್ಲ ‘ನಕ್ಸಲ್ ನಾಯಕ’ ಎಂದು ಬರೆದವು. ಆತ ಯಾರಿಗೆ ನಾಯಕ? ಕಾಡಿನಲ್ಲಿ ಅಂಥವರ ಬದುಕು ಹೇಗಿರುತ್ತದೆ?
– ಓದುಗರೊಬ್ಬರು, ಸಂಪಾಜೆ

ಉತ್ತರ: ಹೆಬ್ರಿ ತಾಲ್ಲೂಕಿನ ನಾಡ್ಪಾಲು ಗ್ರಾಮದ ಕೂಡ್ಲು ಆತನ ಊರು. ಶಾಲೆ ಬೇಗ ಬಿಟ್ಟು ಕೂಲಿ, ಹೋಟೆಲ್ ಕೆಲಸ ಮಾಡಿದವನು. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕಾಗಿ ಕಾಡಂಚಿನ ಕುಟುಂಬಗಳನ್ನು ಎಬ್ಬಿಸುತ್ತಾರೆ ಎಂಬ ಭಯ 2000ದ ನಂತರ ಮನೆಮನೆಗೂ ಹಬ್ಬಿತು. ಅದನ್ನು ವಿರೋಧಿಸುವ ಚಳವಳಿಯಿಂದ ಕಾಡಿಗೆ ಹೋದವರಲ್ಲಿ ಈತನೂ ಒಬ್ಬ. ಆ ನಕ್ಸಲರ ಆಗಿನ ಮುಂದಾಳು ಸಾಕೇತ್ ರಾಜನ್ ಮೈಸೂರಿನವರು, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿದವರು. ಅವರು 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಹತರಾದರು. ನಂತರ ಮುಂದಾಳಾದ ಬಿ.ಜಿ. ಕೃಷ್ಣಮೂರ್ತಿ 2021ರ ನವೆಂಬರಿನಲ್ಲಿ ಕೇರಳದಲ್ಲಿ ಸಿಕ್ಕಿಬಿದ್ದರು. ಕೊನೆಗೆ ವಿಕ್ರಂ ಗೌಡನ ಕೈಗೆ ಉಳಿದದ್ದು ಎರಡು ಕೈಬೆರಳಲ್ಲಿ ಎಣಿಸಬಹುದಾದಷ್ಟು ಜನ.

ಇಂಥ ನಾಯಕನ ದಿನದ ಮುಖ್ಯ ಚಿಂತೆ ಸಿದ್ಧಾಂತವಲ್ಲ, ಅಕ್ಕಿ. ಲೆಕ್ಕ ಹಾಕಿ ನೋಡಿ: ಬೆಟ್ಟ ಹತ್ತಿಳಿಯುವವನಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿಯಾದರೂ ಬೇಕು. ಎಂಟು ಜನರಿಗೆ ನಾಲ್ಕು ಕಿಲೋ, ಹತ್ತು ದಿನಕ್ಕೆ ನಲವತ್ತು. ಅದರ ಮೇಲೆ ಬೇಳೆ, ಉಪ್ಪು, ಎಣ್ಣೆ, ಟಾರ್ಪಾಲು, ಬಂದೂಕು. ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ಹಾಗಾಗಿ ಎಷ್ಟೇ ದಟ್ಟ ಕಾಡಾದರೂ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಯಾವುದಾದರೂ ಮನೆಯ ಬಾಗಿಲು ತಟ್ಟಲೇಬೇಕು. ಮಳೆಗಾಲದಲ್ಲಿ ಪಾಡು ಇನ್ನೂ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಣೆ, ಉಕ್ಕಿದ ಹೊಳೆ, ಹೊತ್ತದ ಸೌದೆ, ಜ್ವರ ಬಂದರೆ ಡಾಕ್ಟರಿಲ್ಲ. ಬಾಗಿಲು ತೆರೆಯುವ ಮನೆಗಳು ಕಡಿಮೆಯಾದಂತೆ ನಾಯಕನ ಕಾಡೂ ಚಿಕ್ಕದಾಗುತ್ತಾ ಬರುತ್ತದೆ. 2024ರ ನವೆಂಬರ್ 18ರ ರಾತ್ರಿ ಕಬ್ಬಿನಾಲೆಯ ಪೀತಬೈಲಿನಲ್ಲಿ ನಡೆದದ್ದೂ ಇದೇ. ದಿನಸಿಗಾಗಿ ಮನೆಯೊಂದಕ್ಕೆ ಬಂದಾಗ ಗುಂಡಿನ ಚಕಮಕಿಯಾಯಿತು ಎನ್ನುತ್ತಾರೆ ಪೊಲೀಸರು. ಆ ಹೇಳಿಕೆಯನ್ನು ಒಪ್ಪದೆ ನ್ಯಾಯಾಂಗ ತನಿಖೆ ಕೇಳಿದವರೂ ಇದ್ದಾರೆ. ಅವರ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಬಾರದು.

ಪ್ರಶ್ನೆ: ಕೊಡಗಿನಲ್ಲೂ ಕಾಡಿದೆ, ಬಡತನವಿದೆ. ಇಲ್ಲೇಕೆ ನಕ್ಸಲರು ಬೇರೂರಲಿಲ್ಲ?
– ಪೊನ್ನಂಪೇಟೆ

ಉತ್ತರ: ಅವರಿಗೆ ಕೊಡಗು ದಾರಿಯಾಗಿತ್ತು, ನೆಲೆಯಾಗಿರಲಿಲ್ಲ. ದಕ್ಷಿಣದಲ್ಲಿ ಬ್ರಹ್ಮಗಿರಿ ದಾಟಿದರೆ ವಯನಾಡು, ಉತ್ತರದಲ್ಲಿ ಪುಷ್ಪಗಿರಿಯ ಮಗ್ಗುಲಲ್ಲಿ ಸುಬ್ರಹ್ಮಣ್ಯದ ಕಾಡು. 2018ರಲ್ಲಿ ಸಂಪಾಜೆ ಕಡೆ, 2024ರ ಮಾರ್ಚ್‌ನಲ್ಲಿ ಕಡಮಕಲ್ಲು–ಕೂಜಿಮಲೆ ಕಡೆ ಕಾಣಿಸಿಕೊಂಡ ಸುದ್ದಿ ಬಂದದ್ದೂ ಗಡಿಯಂಚಿನಿಂದಲೇ. ಕುದುರೆಮುಖದ ಸುತ್ತ ಸಿಕ್ಕಂತೆ, ತಲೆಮಾರುಗಳಿಂದ ಕಾಡೊಳಗೇ ಇದ್ದು ಅವರಿಗೆ ಅನ್ನ ಹಾಕುವ ಒಂಟಿ ಮನೆಗಳು ಇಲ್ಲಿ ಸಿಗಲಿಲ್ಲ. ತೋಟದ ಲೈನ್‌ಮನೆಯಲ್ಲಿ (ಕೂಲಿಗಳ ಸಾಲುಮನೆ) ಒಬ್ಬ ಹೊಸಬ ಬಂದರೂ ರೈಟರಿಗೆ, ಅಂದರೆ ತೋಟದ ಗುಮಾಸ್ತನಿಗೆ, ಗೊತ್ತಾಗುತ್ತದೆ. ಇನ್ನೊಂದು ಕಾರಣ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡದು: ಇಲ್ಲಿನ ಆದಿವಾಸಿಗಳು ಬಯಲಿನಲ್ಲೇ ಹೋರಾಡಿದರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ನೂರಾರು ಕುಟುಂಬಗಳು ಅಲ್ಲೇ ಧರಣಿ ಕೂತವು. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಕೊಡಬೇಕಾಯಿತು. ಬಂದೂಕು ಹಿಡಿದವರು ಎರಡು ದಶಕ ಕಾಡಿನಲ್ಲಿದ್ದರೂ ಯಾರಿಗೂ ಒಂದು ಹಕ್ಕುಪತ್ರ ಕೊಡಿಸಲಾಗಲಿಲ್ಲ.

ಪ್ರಶ್ನೆ: ಶರಣಾದ ನಕ್ಸಲರಿಗೆ ಲಕ್ಷಗಟ್ಟಲೆ ದುಡ್ಡು, ಕೇಸೂ ಇಲ್ಲವಂತೆ. ನಿಜವೇ?
– ಸೋಮವಾರಪೇಟೆ

ಉತ್ತರ: ಅರ್ಧ ಮಾತ್ರ ನಿಜ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಸರ್ಕಾರದ ಶರಣಾಗತಿ ಪ್ಯಾಕೇಜಿನಂತೆ ರಾಜ್ಯದವರಿಗೆ ಏಳೂವರೆ ಲಕ್ಷ, ಹೊರರಾಜ್ಯದವರಿಗೆ ನಾಲ್ಕು ಲಕ್ಷ, ಅದೂ ಕಂತಿನಲ್ಲಿ. ಕೇಸುಗಳು ತಾವಾಗಿಯೇ ಬಿದ್ದುಹೋಗುವುದಿಲ್ಲ. ಆರೂ ಜನ ಕೋರ್ಟಿಗೆ ಹಾಜರಾಗಿ ಜೈಲು ಸೇರಿದರು.

ಪ್ರಶ್ನೆ: ರಾತ್ರಿ ಅಪರಿಚಿತರು ಕೋವಿ ತೋರಿಸಿ ಅಕ್ಕಿ ಕೇಳಿ ಒಯ್ದರೆ, ಕೊಟ್ಟವರ ಮೇಲೆ ಕೇಸ್ ಆಗುತ್ತದೆಯೇ?
– ತೋಟದ ರೈಟರ್, ಭಾಗಮಂಡಲ

ಉತ್ತರ: ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಉಗ್ರನೆಂದು ತಿಳಿದೂ ಸ್ವಇಚ್ಛೆಯಿಂದ ಆಶ್ರಯ ಕೊಡುವುದು ಅಪರಾಧ. ಶಿಕ್ಷೆ ಕನಿಷ್ಠ ಮೂರು ವರ್ಷ, ಗರಿಷ್ಠ ಜೀವಾವಧಿ. ಹೆದರಿಸಿ ಕಿತ್ತುಕೊಂಡದ್ದು ಸ್ವಇಚ್ಛೆಯಲ್ಲ. ಎಡವಟ್ಟಾಗುವುದು ಹೆದರಿ ಸುಮ್ಮನಿದ್ದಾಗ. ನಾಲ್ಕು ದಿನ ಕಳೆದು ಬೇರೆಯವರ ಬಾಯಿಂದ ಸುದ್ದಿ ಹೊರಬಿದ್ದರೆ ಮೌನವೇ ಅನುಮಾನಕ್ಕೆ ಕಾರಣವಾಗುತ್ತದೆ. ಅವರ ಎದುರು ವಾದಕ್ಕಿಳಿಯಬೇಡಿ, ನಿಮ್ಮ ಕೋವಿ ತೆಗೆಯಬೇಡಿ, ಹಿಂಬಾಲಿಸಬೇಡಿ. ಹೋದ ಮೇಲೆ 112ಕ್ಕೆ ಕರೆ ಮಾಡಿ. ಎಷ್ಟು ಜನ, ಯಾವ ಭಾಷೆ, ಏನೇನು ಒಯ್ದರು, ಯಾವ ಕಡೆ ಹೋದರು ಎಂಬುದನ್ನು ನೆನಪು ಹಸಿಯಿರುವಾಗಲೇ ಬರೆದಿಡಿ. ಬೆಳಿಗ್ಗೆ ಠಾಣೆಯಲ್ಲಿ ದೂರು ಬರೆದುಕೊಟ್ಟು, ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಲೈನ್‌ಮನೆಯವರು ಬರೆಯಲಾರದಿದ್ದರೆ ನೀವೇ ಬರೆದು, ಅವರಿಗೆ ಓದಿಹೇಳಿ ಹೆಬ್ಬೆಟ್ಟು ಒತ್ತಿಸಿ, ಜೊತೆಗೆ ಠಾಣೆಗೆ ಹೋಗಿ.