ಓದುಗರ ಪ್ರಶ್ನೆ: ರೋಲರ್ ಮೇಲೆ ಸೊನ್ನೆ, ಬಿಟ್ಟೊಡನೆ ಸಾವಿರಾರು ವೋಲ್ಟ್

ಪ್ರಶ್ನೆ: 25 ಮೈಕ್ರಾನ್ ಪಾಲಿಯೆಸ್ಟರ್ ಫಿಲ್ಮ್ ಲೋಹದ ರೋಲರ್ ಮೇಲಿರುವಾಗ ಸ್ಟ್ಯಾಟಿಕ್ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ರೋಲರ್ ಬಿಟ್ಟು ಮುಂದೆ ಬಂದರೆ ಸಾವಿರಾರು ವೋಲ್ಟ್. ಅರ್ಥ್ ವೈರ್ ತಾಗಿಸಿದರೂ ದೂಳು ಅಂಟುವುದು ನಿಲ್ಲುವುದಿಲ್ಲ. ಚಾರ್ಜ್ ಎಲ್ಲಿಂದ ಬರುತ್ತಿದೆ?

ಉತ್ತರ: ಲೋಹದಿಂದ ಬೇರ್ಪಡುವಾಗ ಒಂದಷ್ಟು ಹುಟ್ಟುವುದು ನಿಜ. ಆದರೆ ಮೊದಲೇ ಇದ್ದ ಚಾರ್ಜ್ ಕೂಡ ರೋಲರ್ ಮೇಲೆ ಮೀಟರಿಗೆ ಕಾಣುವುದಿಲ್ಲ. ಮೇಲ್ಮೈಯಲ್ಲಿ ಚದರ ಮೀಟರಿಗೆ 10 ಮೈಕ್ರೋಕೂಲಂಬ್ ಇದೆಯೆನ್ನಿ. ಫಿಲ್ಮ್ ಅರ್ಥ್ ಆದ ಲೋಹಕ್ಕೆ ಅಂಟಿಕೊಂಡಿದ್ದರೆ ವೋಲ್ಟೇಜ್ ಸುಮಾರು 9 ಮಾತ್ರ. ಅದೇ ಹಾಳೆ ಲೋಹದಿಂದ 5 ಸೆಂಟಿಮೀಟರ್ ದೂರ ಸರಿದರೆ ಲೆಕ್ಕದ ಪ್ರಕಾರ 50 ಸಾವಿರ ದಾಟುತ್ತದೆ. ಚಾರ್ಜ್ ಅಷ್ಟೇ ಇದೆ; ಕುಸಿದದ್ದು ಕೆಪ್ಯಾಸಿಟೆನ್ಸ್, ಅಂದರೆ ಒಂದು ವೋಲ್ಟಿಗೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ. ಆದ್ದರಿಂದ ಎರಡು ರೋಲರ್‌ಗಳ ನಡುವೆ, ಹಿಂದೆ ಲೋಹವಿಲ್ಲದ ಕಡೆ, ಮೀಟರಿನಲ್ಲಿ ಹೇಳಿರುವ ದೂರದಲ್ಲೇ ಹಿಡಿದು ಅಳೆಯಿರಿ. ಅಲ್ಲಿಯೂ ಸೊನ್ನೆ ಬಂದರೆ ಪೂರ್ತಿ ನಂಬಬೇಡಿ: ಒಂದು ಮೈಯಲ್ಲಿ ಧನ, ಇನ್ನೊಂದರಲ್ಲಿ ಅಷ್ಟೇ ಋಣ ಇದ್ದರೂ ಮೀಟರ್ ಸುಮ್ಮನಿರುತ್ತದೆ.

ವೈರ್ ಕೆಲಸ ಮಾಡದಿರುವುದಕ್ಕೆ ಕಾರಣ ಸರಳ. ಪಾಲಿಯೆಸ್ಟರ್ ನಿರೋಧಕ, ಚಾರ್ಜ್ ಇದ್ದಲ್ಲೇ ಸಿಕ್ಕಿಕೊಂಡಿರುತ್ತದೆ, ವೈರಿನತ್ತ ಹರಿದು ಬರುವುದಿಲ್ಲ. ತಾಗಿದ ಜಾಗದ ಸುತ್ತಮುತ್ತ ಮಾತ್ರ ಖಾಲಿಯಾಗುತ್ತದೆ. ವಿರುದ್ಧ ಚಾರ್ಜಿನ ಅಯಾನುಗಳನ್ನು (ಚಾರ್ಜ್ ಹೊತ್ತ ಕಣಗಳನ್ನು) ಗಾಳಿಯ ಮೂಲಕವೇ ಮೇಲ್ಮೈಗೆ ತಲುಪಿಸಬೇಕು. ಇಂಥ ಅಯಾನುಗಳನ್ನು ಹುಟ್ಟಿಸುವ ಅಯಾನೈಸರ್ ಬಾರನ್ನು ರೋಲರಿನ ಎದುರು ಕೂರಿಸುವುದು ನಾವು ಪದೇಪದೇ ಕಾಣುವ ತಪ್ಪು. ಅಲ್ಲಿ ಚಾರ್ಜಿನ ವಿದ್ಯುತ್ ಕ್ಷೇತ್ರವೆಲ್ಲ ಲೋಹದೊಳಕ್ಕೆ ಇಳಿದಿರುವುದರಿಂದ ಅಯಾನುಗಳನ್ನು ಎಳೆಯುವ ಬಲವೇ ಉಳಿದಿರುವುದಿಲ್ಲ. ಬಾರ್ ಕೂಡ ಹಾಳೆ ತೆರೆದಿರುವ ಕಡೆಯೇ ಇರಲಿ. ಬಾರಿನ ಬದಲು ಕಾರ್ಬನ್ ಎಳೆಗಳ ಬ್ರಷ್ ಬಳಸುವುದಾದರೆ ಅರ್ಥ್ ಖಚಿತವಾಗಿರಲಿ, ತುದಿಗಳು ಹಾಳೆಯಿಂದ ಕೆಲವು ಮಿಲಿಮೀಟರ್ ದೂರದಲ್ಲಿರಲಿ. ಬ್ರಷ್ ಎಂದೂ ಪೂರ್ತಿ ಸೊನ್ನೆಗೆ ಇಳಿಸದು; ಕ್ಷೇತ್ರ ದುರ್ಬಲವಾದೊಡನೆ ತುದಿಗಳಲ್ಲಿ ಕರೋನಾ (ಚೂಪು ತುದಿಯ ಸುತ್ತ ಗಾಳಿಯಲ್ಲಿ ಅಯಾನುಗಳು ಹುಟ್ಟುವ ವಿದ್ಯುತ್ ವಿಸರ್ಜನೆ) ನಿಂತುಬಿಡುತ್ತದೆ.

ಪ್ರಯೋಗಾಲಯದ ಸಣ್ಣ ತುಣುಕಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಒದ್ದೆ ಮಾಡಿ, ತಾನಾಗಿ ಆರಲು ಬಿಡಿ. ಬಟ್ಟೆಯಿಂದ ಉಜ್ಜಿ ಒಣಗಿಸಿದರೆ ಮತ್ತೆ ಚಾರ್ಜ್ ಆಗುತ್ತದೆ.

ಪ್ರಶ್ನೆ: ಕರೋನಾದಿಂದ ಚಾರ್ಜ್ ಮಾಡಿದ ಎರಡು ಪಾಲಿಥೀನ್ ತುಣುಕುಗಳಲ್ಲಿ ಹೆಚ್ಚು ವೋಲ್ಟೇಜ್ ಇದ್ದದ್ದು ಬೇಗ ಇಳಿದು, ಕಡಿಮೆ ಇದ್ದದ್ದಕ್ಕಿಂತಲೂ ಕೆಳಗೆ ಹೋಯಿತು. ಅಳತೆಯಲ್ಲಿ ತಪ್ಪಾಗಿದೆಯೇ?

ಉತ್ತರ: ತಪ್ಪೇನಿಲ್ಲ. ಜಪಾನಿನ ಇಯೆಡಾ ಮತ್ತು ಸಂಗಡಿಗರು 1967ರಲ್ಲೇ ಇದನ್ನು ವರದಿ ಮಾಡಿದ್ದಾರೆ. ಕ್ಷೇತ್ರ ಪ್ರಬಲವಾಗಿದ್ದಾಗ ಮೇಲ್ಮೈಯ ಚಾರ್ಜ್ ಫಿಲ್ಮಿನ ಒಳಕ್ಕೆ ನುಗ್ಗಿ ಹಿಂಬದಿಯ ಲೋಹದತ್ತ ಸಾಗುತ್ತದೆ. ದುರ್ಬಲವಾಗಿದ್ದರೆ ಬಹುಪಾಲು ಮೇಲೆಯೇ ಉಳಿಯುತ್ತದೆ. ಎರಡೂ ತುಣುಕುಗಳನ್ನು ಒಂದೇ ತೇವಾಂಶದಲ್ಲಿ ಇಟ್ಟಿದ್ದಿರೇ ಎಂಬುದನ್ನು ಮಾತ್ರ ನೋಡಿಕೊಳ್ಳಿ.